ಎರಡು ಸೀಟಿನ ಗಾಡಿಯಲ್ಲಿ ನನ್ನ ಸೀಟು

ನನಗೆ ಬೇಕಾದ ವಸ್ತು ಪಕ್ಕದವನ ಕೈ ಸೇರುವುದು ಇವತ್ತು ನಿನ್ನೆಯ ಮಾತಲ್ಲ. ಪ್ರೈಮರಿ ಶಾಲೆಯಲ್ಲಿ ಅದು ಬಣ್ಣದ ಬಳಪವಾಗಿತ್ತು, ಆಮೇಲೆ ಫೌಂಟನ್ ಪೆನ್ನು, ಆಮೇಲೆ ಮೋಟಾರು ಕಾರು. ವಸ್ತು ಬದಲಾಯಿತು, ಪಕ್ಕದವನು ಬದಲಾಗಲಿಲ್ಲ. ಅವನು ಮೇಲೂರಿನವನು, ಹಿಪ್ಪುನೇರಳೆ ತೋಟ ಇದ್ದ ಮನೆಯ ಒಬ್ಬನೇ ಮಗ, ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವನು. ಓದಿದವನು ಎಂಬುದು ಉಪಚಾರದ ಮಾತು. ಇಂಟರ್‌ಮೀಡಿಯೆಟ್‌ನಲ್ಲಿ ಎರಡು ಸಲ ಫೇಲಾಗಿ ಊರು ಸೇರಿದ. ನಾನು ಮೈಸೂರಿನಲ್ಲಿ ತರ್ಕಶಾಸ್ತ್ರದ ಎಂ.ಎ. ಮುಗಿಸಿ ಶಿಡ್ಲಘಟ್ಟದ ಹೈಸ್ಕೂಲಿಗೆ ಇಂಗ್ಲಿಷ್ ಮೇಷ್ಟ್ರಾಗಿ ಬಂದೆ. ಅವನು ಕಾರು ಕೊಂಡ. ನಾನು ಸೈಕಲ್ಲು ಕೊಂಡೆ.

ಆ ಕಾರು ನನಗೆ ಬೇಕಿತ್ತು. ಮುಂದಿನದೆಲ್ಲ ಅದರದೇ ಕಥೆ. ಇದಕ್ಕೆ ಯಾರಾದರೂ ಹೊಟ್ಟೆಕಿಚ್ಚು ಎಂದು ಹೆಸರಿಟ್ಟರೆ ನನ್ನ ಆಕ್ಷೇಪಣೆ ಇಲ್ಲ.

೧. ಅರ್ಧ ಗಾಡಿ

ಐವತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರು ದಂಡಿನಲ್ಲಿದ್ದ ಒಬ್ಬ ಇಂಗ್ಲಿಷ್ ದೊರೆ ಊರಿಗೆ ಹೊರಡುವಾಗ ತನ್ನ ಕಾರನ್ನು ಮಾರಿದ. ಯುದ್ಧಕ್ಕೆ ಮೊದಲಿನ ಗಾಡಿ. ಕಡು ಹಸಿರು ಬಣ್ಣ, ಉದ್ದ ಮೂತಿ, ತಂತಿ ಕಡ್ಡಿಯ ಚಕ್ರ. ಸೀಟು ಎರಡೇ. ಮೇಲೆ ಚಾವಣಿ ಇಲ್ಲ. ರೇಸಿನ ಗಾಡಿ ಎಂದ ನನ್ನ ಸ್ನೇಹಿತ.

ಅದನ್ನು ಮೊದಲ ಸಲ ಮೇಲೂರಿಗೆ ತಂದಾಗ ಊರಿಗೆ ಊರೇ ಸೇರಿತು. ನಾನೂ ಸೈಕಲ್ಲು ತುಳಿದುಕೊಂಡು ಹೋಗಿದ್ದೆ. ಒಬ್ಬ ಮುದುಕ ರೈತ ಗಾಡಿಯ ಸುತ್ತ ಮೂರು ಸುತ್ತು ಹಾಕಿದ. ಹಿಂದಿನ ಸೀಟು ಇರಬೇಕಾದ ಕಡೆ ಇಣುಕಿದ. ಚಾವಣಿ ಇರಬೇಕಾದ ಕಡೆ ಕೈಯಾಡಿಸಿದ.

"ಏಂದಪ್ಪಾ ಇದಿ, ಸಗಂ ಬಂಡೇನಾ?" ಎಂದ ತೆಲುಗಿನಲ್ಲಿ. ಆಮೇಲೆ ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ, "ಅರ್ಧ ಗಾಡಿ ತಂದವ್ನೆ. ಪರ್ವಾಗಿಲ್ಲ ಬಿಡಪ್ಪ, ಮುಂದಿನ ಬೆಳೆ ಕೈಗೆ ಬಂದಾಗ ಉಳಿದಿದ್ದು ತರೀವಂತೆ."

ಆ ಮಾತು ನನಗೆ ಎಂಟು ದಿನದ ಸಂತೋಷ ಕೊಟ್ಟಿತು. ಒಂಬತ್ತನೆಯ ದಿನ ಸ್ನೇಹಿತ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಿಡ್ಲಘಟ್ಟದವರೆಗೆ ಬಂದ. ಇಳಿಯುವಾಗ ನನಗೆ ಅರ್ಥವಾಯಿತು: ನನಗೆ ಆ ಅರ್ಧವೇ ಸಾಕು.

೨. ಗೌರಿಬಿದನೂರಿನ ಕಾಫಿ

ನನಗೆ ಹೆಣ್ಣು ನೋಡಲು ಗೌರಿಬಿದನೂರಿಗೆ ಹೋಗಬೇಕಿತ್ತು. "ಬಸ್ಸಲ್ಲಿ ಹೋಗಿ ಮರ್ಯಾದೆ ಕಳ್ಕೋಬೇಡ ಕಣೋ, ನಾನು ಕರ್ಕೊಂಡು ಹೋಗ್ತೀನಿ" ಎಂದ ಸ್ನೇಹಿತ. ನನ್ನ ತಾಯಿ ತಂದೆ ಹಿಂದಿನ ದಿನವೇ ರೈಲಿನಲ್ಲಿ ಹೊರಟು ನೆಂಟರ ಮನೆಯಲ್ಲಿ ಇಳಿದಿದ್ದರು.

ಊರು ಎರಡು ಫರ್ಲಾಂಗು ಇರುವಾಗ ಗಾಡಿ ನಿಂತಿತು. ನಾನು ತಳ್ಳಿದೆ. ಅವನು ಕಪ್ಪು ಕನ್ನಡಕ ಹಾಕಿ ಸ್ಟಿಯರಿಂಗ್ ಚಕ್ರ ಹಿಡಿದು ಕೂತಿದ್ದ. ಹೆಣ್ಣಿನ ಮನೆ ಮುಂದೆ ಗಾಡಿ ತಾನಾಗಿ ಗರ್ಜಿಸಿ, ತಾನಾಗಿ ನಿಂತಿತು. ಅವನು ಇಳಿದ. ನಾನು ಹಿಂದಿನಿಂದ ಓಡಿ ಬಂದೆ. ತಲೆಯಿಂದ ಕಾಲಿನವರೆಗೆ ಕೆಮ್ಮಣ್ಣು, ಅಂಗೈ ತುಂಬ ಕರಿ ಎಣ್ಣೆ.

ಮನೆಯವರು ಅವನನ್ನು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದರು. ನನ್ನನ್ನು ಜಗಲಿಯ ಮೇಲೆ ಕೂರಿಸಿ, "ಕ್ಲೀನರ್‌ಗೂ ಒಂದು ಲೋಟ ಕೊಡ್ರಮ್ಮ" ಎಂದರು. ಹುಡುಗಿ ಬಂದು ಅವನಿಗೆ ಬೆಳ್ಳಿ ಲೋಟದಲ್ಲಿ ಕಾಫಿ ಕೊಟ್ಟು, ಒಂದು ಸಲ ನೋಡಿ, ಒಳಗೆ ಹೋದಳು. ಅವಳ ಅಜ್ಜಿ ಒಳಗೆ "ಒಪ್ಪಿಗೇನಾ ಮಗಾ?" ಎಂದು ಕೇಳಿದ್ದು, ಅವಳು "ಹೂಂ" ಎಂದದ್ದು, ಎರಡೂ ಜಗಲಿಗೆ ಕೇಳಿಸಿತು.

ನನ್ನ ತಂದೆ ಬಂದದ್ದು ಅದಾದ ಮೇಲೆ. ಗಂಡು ಯಾರು ಎಂಬುದು ಆಗ ಇತ್ಯರ್ಥವಾಯಿತು. ಹೆಣ್ಣಿನ ತಂದೆ ನನ್ನನ್ನು ನೋಡಿದರು, ಅವನನ್ನು ನೋಡಿದರು, ಇನ್ನೂ ಕಾಲ ಮಿಂಚಿಲ್ಲವೇನೋ ಎಂಬಂತೆ ಮತ್ತೆ ನನ್ನನ್ನು ನೋಡಿದರು. ಆದರೂ ಮಾತು ಮಾತೇ. ಮದುವೆ ನಡೆಯಿತು.

ನಾಲ್ಕು ವರ್ಷ ತಡೆದುಕೊಂಡು ಒಂದು ದಿನ ಹೆಂಡತಿಯನ್ನು ಕೇಳಿದೆ: "ಅವತ್ತು ಹೂಂ ಅಂದೆಯಲ್ಲ, ಯಾರನ್ನ ನೋಡಿ ಅಂದದ್ದು?"

"ಕಾಫಿ ಆರ್‍ತಾ ಇದೆ, ಕುಡೀರಿ" ಎಂದಳು.

೩. ಚಿಂತಾಮಣಿಯ ತಜ್ಞ

ಗಾಡಿಗೆ ವಯಸ್ಸಾಯಿತು. ಚಿಂತಾಮಣಿಯ ತರಕಾರಿ ಮಂಡಿಯ ಹಿಂದೆ ಒಬ್ಬ ಮೆಕ್ಯಾನಿಕ್ ಸಾಹೇಬರಿದ್ದರು. ಆ ಇಂಜಿನ್ನಿನ ನಾಡಿ ಗೊತ್ತಿದ್ದದ್ದು ಈ ಸೀಮೆಯಲ್ಲಿ ಅವರೊಬ್ಬರಿಗೇ. ತಿಂಗಳಿಗೊಮ್ಮೆ ಅಲ್ಲಿಗೆ ಯಾತ್ರೆ. ಎರಡು ಸೀಟಿನಲ್ಲಿ ಒಂದು ಓಡಿಸುವವನದು, ಇನ್ನೊಂದು ತಳ್ಳುವವನದು ಎಂದು ಆ ಹೊತ್ತಿಗೆ ರೂಢಿಯಾಗಿಬಿಟ್ಟಿತ್ತು.

ಅರವತ್ತರ ದಶಕ ಅರ್ಧ ಕಳೆದಾಗ, ಬೆಂಗಳೂರಿನಲ್ಲಿದ್ದ ಒಬ್ಬ ಪರದೇಶದ ಇಂಜಿನಿಯರು ಊರಿಗೆ ಹೊರಡುವವನಿದ್ದ. ಅವನ ಬಳಿ ಇದೇ ಜಾತಿಯ ಹೊಸ ಗಾಡಿ: ಕೆಂಪು ಬಣ್ಣ, ಮಡಿಸುವ ಚಾವಣಿ, ಏರಿಳಿಯುವ ಗಾಜು, ಗುಂಡಿ ಒತ್ತಿದರೆ ಹೊರಡುವ ಇಂಜಿನ್ನು. ಸಾಹೇಬರ ಅಂಗಡಿಯಲ್ಲಿ ಕೂತು ಸ್ನೇಹಿತ ನನ್ನನ್ನು ಕೇಳಿದ.

"ನೀನು ಓದಿದೋನು, ಹೇಳು. ಇದನ್ನ ಬಿಟ್ಟು ಅದನ್ನ ತಗೊಳ್ಳೋದು ಲಾಭಾನಾ? ಅದು ಬಂದ್ರೆ ಇದು ನಿಂಗೇ ಕಣೋ. ಇದನ್ನ ಇನ್ಯಾರು ಇಟ್ಕೋತಾರೆ?"

ಮುಖವನ್ನು ಆದಷ್ಟು ನಿರ್ಲಿಪ್ತವಾಗಿ ಇಟ್ಟುಕೊಂಡು, ಹೊಸದರ ಪರವಾಗಿ ಏಳು ಕಾರಣ ಕೊಟ್ಟೆ. ಎಂ.ಎ. ಪರೀಕ್ಷೆಯಲ್ಲಿ ಐದಕ್ಕಿಂತ ಹೆಚ್ಚು ಹೊಳೆದಿರಲಿಲ್ಲ.

ಗಾಡಿಯ ಕೆಳಗೆ ಮಲಗಿದ್ದ ಸಾಹೇಬರು ಅಲ್ಲಿಂದಲೇ ಮಾತಾಡಿದರು: "ಬ್ಯಾಡ ಸಾಮಿ. ಇದು ಕೆಟ್ರೆ ಯಾಕೆ ಕೆಡ್ತು ಅಂತ ನಮಗೆ ಗೊತ್ತಾಗ್ತದೆ. ಹೊಸದು ಕೆಟ್ರೆ ಖುದಾಗೇ ಗೊತ್ತಾಗ್ಬೇಕು."

ಸ್ನೇಹಿತ ತಲೆಯಾಡಿಸಿದ. ನನ್ನ ಗಾಡಿ ಕೈ ಜಾರುತ್ತಿತ್ತು.

"ಸ್ವಾರ್ಥ ಇರೋನ ಸಾಕ್ಷಿ ನಿಲ್ಲೋದಿಲ್ಲ ಕಣೋ" ಎಂದೆ. "ಈ ಗಾಡಿ ಕೆಡ್ತಾ ಇದ್ರೇ ಇವರ ಅಂಗಡಿ ನಡೆಯೋದು."

ಸಾಹೇಬರು ತಲೆ ಹೊರಗೆ ಹಾಕಿ ನನ್ನನ್ನು ಚೆನ್ನಾಗಿ ನೋಡಿದರು. "ಸಹೀ ಬಾತ್ ಮೇಷ್ಟ್ರೇ. ನಿಮದೇನೂ ಇಲ್ಲ ಅಲ್ವಾ?"

ನಾನು ತರಕಾರಿ ಮಂಡಿಯ ಕಡೆ ನೋಡಿ, ಟೊಮೇಟೊ ಎಷ್ಟಿರಬಹುದು ಎಂದೆ.

೪. ಸೊಪ್ಪಿನ ಪರೀಕ್ಷೆ

ಹೊಸ ಗಾಡಿಯನ್ನು ಸ್ನೇಹಿತ ಒಂದು ದಿನದ ಪರೀಕ್ಷೆಗೆಂದು ಮೇಲೂರಿಗೆ ತಂದ. ಅದರ ಚೆಲುವು ನೋಡಿ ನನ್ನ ಹೊಟ್ಟೆಯಲ್ಲಿ ಇನ್ನೊಂದು ಒಲೆ ಹೊತ್ತಿತು. ಅದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟೆ. ಸ್ನೇಹಿತನ ತಾಯಿ ಹೊರಗೆ ಬಂದರು. ಗಾಜು ನೋಡಲಿಲ್ಲ, ಗುಂಡಿ ನೋಡಲಿಲ್ಲ.

"ಸೊಪ್ಪು ಎಷ್ಟು ಹಿಡೀತದೆ?" ಎಂದರು.

ಪ್ರಶ್ನೆ ನ್ಯಾಯವಾದದ್ದೇ. ಎತ್ತಿನ ಗಾಡಿ ತಡವಾದ ದಿನ, ದೂರದ ತೋಟದಿಂದ ಮನೆಯ ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದದ್ದು ಆ ಹಸಿರು ರೇಸಿನ ಗಾಡಿಯೇ. ಸೀಟಿನ ಮೇಲೆ ಎಷ್ಟು ಎತ್ತರಕ್ಕೆ ಒಟ್ಟಿದರೂ ತಡೆಯುವ ಚಾವಣಿ ಇರಲಿಲ್ಲ.

ಸ್ನೇಹಿತ ಹೊಸ ಗಾಡಿಗೆ ಸೊಪ್ಪು ತುಂಬಿದ. "ಧೂಳು ಕೂರುತ್ತೆ, ಚಾವಣಿ ಎಳಿ, ಗಾಜು ಏರಿಸು" ಎಂದು ಬುದ್ಧಿ ಹೇಳಿದವನು ನಾನು. ದಾರಿಯಲ್ಲಿ ಮುದ್ದೇನಹಳ್ಳಿಯ ಒಬ್ಬ ನೆಂಟ ಸಿಕ್ಕಿದ. ಅವನಿಗೆ ಗುಂಡಿಗಳನ್ನೆಲ್ಲ ತೋರಿಸುತ್ತ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತೆವು. ಮನೆಗೆ ಬಂದು ಬಾಗಿಲು ತೆಗೆದಾಗ ಒಳಗಿಂದ ಹಬೆ ಬಂತು.

ಅಮ್ಮ ಒಂದು ಎಲೆ ಎತ್ತಿ ಹಿಡಿದರು. ಅದು ಜೋತುಬಿತ್ತು.

"ಬೆಂದದೆ. ಒಗ್ಗರಣೆ ಒಂದು ಹಾಕಿದ್ರೆ ನಾವೇ ಉಣ್ಣಬೋದು" ಎಂದರು.

ಸ್ನೇಹಿತ ಸಪ್ಪಗಾದ. "ವಾಪಸ್ ಕೊಟ್ಬಿಡ್ತೀನಿ ಕಣೋ" ಎಂದ. ನಾನು ಕೊನೆಯ ಅಸ್ತ್ರ ತೆಗೆದೆ.

"ಅಮ್ಮಾ, ಸೊಪ್ಪಿಗೆ ಎತ್ತಿನ ಗಾಡಿ ಇದೆ. ಇವನಿಗೆ ಮೂವತ್ತೈದು ದಾಟ್ತು. ನಾಳೆ ಸೊಸೆ ಬಂದ್ರೆ ಚಾವಣಿ ಇಲ್ದೆ ಮಳೇಲಿ ನೆನೀತಾ ಕೂರ್‍ಬೇಕಾ? ಅರ್ಧ ಗಾಡಿ ನೋಡಿ ಯಾರಮ್ಮ ಹೆಣ್ಣು ಕೊಡ್ತಾರೆ?"

ಅಮ್ಮ ಕೈಯಲ್ಲಿದ್ದ ಬೆಂದ ಎಲೆಯನ್ನು ಕೆಳಗೆ ಹಾಕಿದರು. "ಹೊಸದೇ ತಗೊಳ್ಳಲಿ" ಎಂದರು. "ಆದ್ರೆ ಹೆಣ್ಣು ಹುಡ್ಕೋ ಜವಾಬ್ದಾರಿ ನಿಂದೇ ಕಣಪ್ಪ."

ಒಪ್ಪಿದೆ. ಆ ಗಾಡಿಗಾಗಿ ಮೂರು ಹೆಣ್ಣು ಬೇಕಾದರೂ ಹುಡುಕುತ್ತಿದ್ದೆ.

೫. ಐದು ದಿನದ ಒಡೆತನ

ಹೊಸದು ಬಂತು. ಹಳೆಯದನ್ನು ತೆಗೆದುಕೊಂಡು ಹೋಗಲು ಒಂದು ಹೂವಿನ ಹಾರ ಹಿಡಿದುಕೊಂಡು ಮೇಲೂರಿಗೆ ಹೋದೆ. ಕೊಟ್ಟಿಗೆಯಲ್ಲಿ ಗಾಡಿ ನಿಂತಿತ್ತು. ನಾಲ್ಕು ಚಕ್ರದ ಸುತ್ತಲೂ ಬಿಳಿ ಗೆರೆ. ನನ್ನ ಗೌರವಕ್ಕೆ ರಂಗೋಲಿ ಹಾಕಿದ್ದಾರೆ ಎಂದುಕೊಂಡೆ. ಹತ್ತಿರ ಹೋದರೆ ಅದು ಇರುವೆ ಹತ್ತದಿರಲಿ ಎಂದು ಎಳೆದ ಸುಣ್ಣದ ಪುಡಿ.

ಆ ಸಲ ಹುಳು ವಿಪರೀತ ಚೆನ್ನಾಗಿ ಬಂದಿದ್ದವು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಂದ್ರಿಕೆಗಳು ಸಾಲಲಿಲ್ಲ. ಅಮ್ಮ ಗಾಡಿಯ ಎರಡೂ ಸೀಟಿಗೆ ಒಣ ಕಡ್ಡಿ ಹಾಸಿ ಮಿಕ್ಕ ಹುಳುಗಳನ್ನೆಲ್ಲ ಅಲ್ಲಿಗೆ ಬಿಟ್ಟಿದ್ದರು. ಗಾಳಿ ಚೆನ್ನಾಗಿ ಆಡುತ್ತದೆ ಎಂದು ಅವುಗಳಿಗೂ ಇಷ್ಟವಾಗಿತ್ತು. ಸ್ಟಿಯರಿಂಗಿಗೊಂದು, ಗೇರಿಗೊಂದು, ಹಾರನ್ನಿಗೆ ಎರಡು. ನನ್ನ ಗಾಡಿಯಲ್ಲಿ ನಾನೊಬ್ಬನನ್ನು ಬಿಟ್ಟು ಎಲ್ಲರೂ ಕೂತಿದ್ದರು.

"ಗೂಡು ಕಟ್ಟೋವಾಗ ಅಲ್ಲಾಡಿಸಂಗಿಲ್ಲ" ಎಂದರು ಅಮ್ಮ. "ಐದು ದಿನ ಬಿಟ್ಟು ಬಾರಪ್ಪ."

ಹಾರವನ್ನು ಸೈಕಲ್ಲಿಗೆ ಹಾಕಿಕೊಂಡು ವಾಪಸ್ಸಾದೆ.

ಐದನೆಯ ದಿನ ಹೋದಾಗ ಅಮ್ಮ ಗೂಡು ಬಿಡಿಸುತ್ತಿದ್ದರು. ಸ್ನೇಹಿತ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದ. ಮುಖ ಸರಿಯಿರಲಿಲ್ಲ.

"ಚಿಕ್ಕಬಳ್ಳಾಪುರಕ್ಕೆ ಹೋಗಿದ್ದೆ ಕಣೋ" ಎಂದ. "ಹೋಟ್ಲು ಮುಂದೆ ನಿಲ್ಲಿಸ್ದೆ. ಜನ ಓಡಿ ಓಡಿ ಬಂದ್ರು. ನಾನು ಕಾಲರ್ ಸರಿ ಮಾಡ್ಕೊಂಡು ಇಳಿದೆ. ಪಕ್ಕದಲ್ಲಿ ಯಾರೋ ಒಂದು ಜೊತೆ ಹಳ್ಳಿಕಾರ್ ಎತ್ತು ಹಿಡ್ಕೊಂಡು ನಿಂತಿದ್ದ, ಅದನ್ನ ನೋಡೋಕೆ ಬಂದಿದ್ದು. ಒಬ್ಬ ನನ್ ಗಾಡಿಗೆ ಒರಗಿಕೊಂಡು ಎತ್ತಿನ ಹಲ್ಲು ಎಣಿಸ್ದ."

"ಗಾಡಿ ಕೆಟ್ಟಿತೇನು?"

"ಕೆಡೋದೇ ಇಲ್ಲ ಕಣೋ! ಸದ್ದೂ ಇಲ್ಲ. ನಾನು ಬಂದಿದ್ದೂ ಯಾರಿಗೂ ಗೊತ್ತಾಗಲ್ಲ, ಹೋಗಿದ್ದೂ ಗೊತ್ತಾಗಲ್ಲ." ಅವನು ಹಸಿರು ಗಾಡಿಯನ್ನು ನೋಡಿದ. "ಒಂದು ಮಾತು. ಹೊಸದು ನೀನಿಟ್ಕೊ. ಇದು ನಂಗೆ ಬಿಡು."

ತರ್ಕ ಓದಿದವನು ಒಪ್ಪಬೇಕಿತ್ತು. ಆದರೆ ಅವನ ಕಣ್ಣಿನಲ್ಲಿ ಆಗ ಒಂದು ಉರಿ ಕಂಡಿತು. ಕನ್ನಡಿಯಲ್ಲಿ ಎಷ್ಟೋ ವರ್ಷ ನೋಡಿದ್ದರಿಂದ ನನಗೆ ಅದರ ಗುರುತು ತಕ್ಷಣ ಸಿಕ್ಕಿತು. ನನ್ನ ಕೈಯಲ್ಲಿರುವುದನ್ನು ಅವನು ಆಸೆಪಟ್ಟದ್ದು ಜನ್ಮದಲ್ಲಿ ಅದೇ ಮೊದಲು.

"ಕೊಡಲ್ಲ" ಎಂದೆ. ಅಷ್ಟು ರುಚಿಯಾದ ಮಾತನ್ನು ನಾನು ಅಲ್ಲಿಯವರೆಗೆ ಆಡಿರಲಿಲ್ಲ.

ಅಮ್ಮ ಕೊನೆಯ ಗೂಡನ್ನು ಹಾರನ್ನಿನಿಂದ ಬಿಡಿಸಿ ಇಳಿದರು. ನಾನು ಗಾಡಿ ಹತ್ತಿ, ಹದಿನೈದು ವರ್ಷ ಪಕ್ಕದಿಂದ ನೋಡಿದ್ದ ಸೀಟಿನಲ್ಲಿ ಕೂತೆ. ಚಕ್ರ ಹಿಡಿದೆ. ಕಾಲ ಬಳಿ ಮೂರು ಪೆಡಲ್ ಇದ್ದವು. ಅವು ನನ್ನನ್ನು ನೋಡಿದವು, ನಾನು ಅವುಗಳನ್ನು ನೋಡಿದೆ.

"ಹೊರಡು ಮತ್ತೆ" ಎಂದ ಸ್ನೇಹಿತ.

ನಾನು ಹೊರಡಲಿಲ್ಲ.

"ಲೇ, ನಿಂಗೆ ಓಡ್ಸೋಕೆ ಬರುತ್ತೇನೋ?"

ಗಾಡಿಯನ್ನು ಪಡೆಯುವುದು ಹೇಗೆ ಎಂದು ನಾನು ಎಲ್ಲ ಕೋನದಿಂದ ಯೋಚಿಸಿದ್ದೆ. ಇದೊಂದು ಕೋನ ಉಳಿದುಹೋಗಿತ್ತು.

"ಅಯ್ಯೋ, ಆ ಕಡೆ ಸರ್ಕೊಳಪ್ಪಾ" ಎಂದರು ಅಮ್ಮ. "ಅವನು ಬಿಟ್ಟು ಬರ್ತಾನೆ."

ಸರಿದೆ. ಅವನು ಕಪ್ಪು ಕನ್ನಡಕ ಹಾಕಿ ಹತ್ತಿದ. ಗಾಡಿ ಊರೆಲ್ಲ ಕೇಳುವಂತೆ ಗರ್ಜಿಸಿತು. ಅವನ ಮುಖದ ಮೇಲೆ ಕಳೆ ಮರಳಿತು. "ದಿನಾ ಸಂಜೆ ಬರ್ತೀನಿ ಬಿಡು, ನಿನ್ನ ಸುತ್ತಾಡಿಸ್ತೀನಿ" ಎಂದ. "ಪೆಟ್ರೋಲು ಮಾತ್ರ ನಿಂದು, ಗಾಡಿ ನಿಂದಲ್ವಾ?"

ಮೇಲೂರು ದಾಟಿದ ಮೇಲೆ ಎದುರಿನಿಂದ ಅಂಚೆಯವನು ಸೈಕಲ್ಲಿನಲ್ಲಿ ಬಂದ. ಸದ್ದು ಕೇಳಿ ಇಳಿದು ನಿಂತು ಸ್ನೇಹಿತನಿಗೆ ಕೈಮುಗಿದ. ಆಮೇಲೆ ನನ್ನನ್ನು ನೋಡಿ ತಲೆಯಾಡಿಸಿದ.

"ನಿಮ್ದು ದೊಡ್ಡ ಮನಸ್ಸು ಸ್ವಾಮಿ" ಎಂದ ಅವನಿಗೆ. "ಇಷ್ಟು ವರ್ಷ ಆಯ್ತು, ಮೇಷ್ಟ್ರನ್ನ ಇನ್ನೂ ಬಿಟ್ಟಿ ಸುತ್ತಾಡಿಸ್ತಾನೇ ಇದ್ದೀರಲ್ಲ."