ಬೀಗದವರಿಗೆ ಬರಿಮುಖದವನ ಬಿನ್ನಹ

ಪ್ರತಾಪ ನಗರ, ನಾಗಪುರ
ಶ್ರಾವಣದ ಕೊನೆಯ ವಾರ

ಇವರಿಗೆ: ಶ್ರೀ ದ್ವಾರಮಿತ್ರ, ಮುಖ ನೋಡಿ ತೆರೆಯುವ ಬುದ್ಧಿವಂತ ಬೀಗ, ನಮ್ಮ ಮನೆಯ ಮುಂಬಾಗಿಲು
ವಿಷಯ: ನನ್ನನ್ನು ನನ್ನ ಮನೆಯೊಳಗೆ ಬಿಟ್ಟುಕೊಳ್ಳುವ ಬಗ್ಗೆ

ಮಾನ್ಯರೇ,

ತಮ್ಮ ನೀಲಿ ದೀಪ ಸದಾ ಬೆಳಗುತ್ತಿರಲಿ, ತಮ್ಮ ಬ್ಯಾಟರಿ ಎಂದೂ ಕುಂದದಿರಲಿ, ವೈಫೈಯೊಡನೆ ತಮಗಿರುವ ಸ್ನೇಹ ನಮ್ಮ ಬೀದಿಯಲ್ಲಿ ಕರೆಂಟು ಹೋದಾಗಲೂ ಉಳಿಯಲಿ ಎಂದು ಮೊದಲಿಗೆ ಹಾರೈಸುತ್ತೇನೆ. ಈ ಪತ್ರವನ್ನು ತಮ್ಮ ಎದುರಿಗೇ, ಮೆಟ್ಟಿಲ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ಮೇಜು ಕುರ್ಚಿ ಇವೆ, ಆದರೆ ಅವು ಒಳಗಿವೆ. ತಮಗೆ ಖಾಸಗಿಯಾಗಿ ಬಿನ್ನವಿಸಿಕೊಂಡಾಗಲೆಲ್ಲ ತಾವು ‘ಅಪರಿಚಿತ ವ್ಯಕ್ತಿಯೊಬ್ಬರು ಬಾಗಿಲ ಬಳಿ ಒಬ್ಬರೇ ಮಾತನಾಡುತ್ತಿದ್ದಾರೆ’ ಎಂದು ನನ್ನ ಮೊಬೈಲಿಗೇ ಎಚ್ಚರಿಕೆ ಕಳಿಸಿದ್ದರಿಂದ, ಈ ಸಲ ಬಹಿರಂಗವಾಗಿ ಬರೆಯಬೇಕಾಗಿ ಬಂದಿದೆ.

ತಾವು ಗುರುತಿಸುವುದಿಲ್ಲವಾದ್ದರಿಂದ ಪರಿಚಯ ಹೇಳಿಕೊಳ್ಳುತ್ತೇನೆ. ನನ್ನ ಹೆಸರು ರಾಮಲಿಂಗಪ್ಪ. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಮೀಟರುಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡಿಕೊಳ್ಳುವ ಕೆಲಸ ನನ್ನದು. ಯಂತ್ರ ಹೇಳಿದ್ದನ್ನು ನಂಬುವುದು ನನಗೆ ಹೊಟ್ಟೆಪಾಡು. ಆದ್ದರಿಂದ ಮೊದಮೊದಲು ತಾವು ನನ್ನನ್ನು ಯಾರೋ ಎಂದಾಗ, ಇರಬಹುದೇನೋ ಎಂದು ನಾನೂ ಒಂದು ಕ್ಷಣ ಯೋಚಿಸಿದ್ದುಂಟು. ಆದರೆ ಈಗ ನನ್ನ ಮಗಳ ಮದುವೆಯ ಮಾತು ತಮ್ಮ ಹೊಸ್ತಿಲಲ್ಲಿ ನಡೆದುಹೋಗಿರುವುದರಿಂದ ಸುಮ್ಮನಿರಲಾರೆ.

ತಮ್ಮನ್ನು ಮನೆಗೆ ಕರೆತಂದ ಕಾರಣ ತಮಗೆ ತಿಳಿದಿರಲಿಕ್ಕಿಲ್ಲ. ಮೊದಲು ನಮ್ಮ ಬಾಗಿಲಿಗೆ ಒಂದು ಚಿಲಕ, ಒಂದು ಸಾದಾ ಬೀಗ ಇದ್ದವು, ಅದರ ಕೀಲಿ ಪಕ್ಕದ ಮನೆಯ ಸುನೀಲ್ ಭಾವು ಅವರಲ್ಲಿ ಇರುತ್ತಿತ್ತು. ಇಲ್ಲಿ ಅಣ್ಣನಿಗೆ ಭಾವು ಎನ್ನುತ್ತಾರೆ. ಭಾವು ಸಜ್ಜನರು. ಆದರೆ ಎಲ್ಲಿಗೆ ಹೋಗಿದ್ದಿರಿ, ಏನು ತಂದಿರಿ, ಚೀಲ ಯಾಕೆ ಭಾರವಾಗಿದೆ, ಮುಖ ಯಾಕೆ ಸಣ್ಣದಾಗಿದೆ ಎಂದು ಕೇಳಿ ಉತ್ತರ ಪಡೆಯದೆ ಅವರು ಕೀಲಿ ಕೊಟ್ಟವರಲ್ಲ. ಕಡಿಮೆ ಮಾತಿನವನಾದ ನಾನು, ಏನೂ ಕೇಳದೆ ಬಾಗಿಲು ತೆರೆಯುವ ಒಬ್ಬರು ಈ ಭೂಮಿಯ ಮೇಲೆ ಇರಬಾರದೇ ಎಂದು ಹಂಬಲಿಸುತ್ತಿದ್ದಾಗ ತಮ್ಮ ಜಾಹೀರಾತು ಕಂಡಿತು. ‘ನಾಳೆಯ ಮನೆಗೆ ಕೀಲಿ ಬೇಡ, ನಿಮ್ಮ ಮುಖವೇ ಸಾಕು. ಮಾಸ್ಕ್ ಹಾಕಿದ್ದರೂ ನಾವು ನಿಮ್ಮನ್ನು ಮರೆಯುವುದಿಲ್ಲ.’ ತಮಗೆ ಕೀಲಿ ತೂರಿಸುವ ತೂತು ಕೂಡ ಇಲ್ಲವೆಂದೂ, ತೂತಿದ್ದಲ್ಲಿ ಕಳ್ಳನಿರುತ್ತಾನೆಂದೂ ಪೆಟ್ಟಿಗೆಯ ಮೇಲೆ ಬರೆದಿತ್ತು. ಓದಿ ಪುಳಕಿತನಾದೆ.

ಮನೆಯಲ್ಲಿ ಅಭಿಪ್ರಾಯಗಳಿಗೆ ಕೊರತೆಯಿರಲಿಲ್ಲ. ನಮ್ಮವ್ವ ನೀಲಗಂಗಮ್ಮ, “ಬಾಗಲಕ್ಕ ಕಣ್ಣ ಯಾಕ ಬೇಕಪಾ? ಮನ್ಯಾಗ ನನ್ನ ಕಣ್ಣ ಅದಾವಲ್ಲ” ಎಂದಳು. ನನ್ನ ಹೆಂಡತಿ ಹೇಮಲತಾ, “ತರ್ರಿ, ಆದ್ರ ಅದರ ಮ್ಯಾಗಿನ ಧೂಳಾ ನಾ ಒರಸಂಗಿಲ್ಲ, ಈಗ ಹೇಳೇನಿ” ಎಂದಳು. ಪ್ಲಾಂಟಿನ ಬಸ್ಸಿನಲ್ಲಿ ಅರ್ಧ ಜನ ಯಂತ್ರಗಳು ಇನ್ನೇನು ಮನುಷ್ಯರನ್ನು ಮನೆಯಿಂದ ಹೊರಹಾಕುತ್ತವೆ ಎಂದೂ, ಉಳಿದರ್ಧ ಜನ ಇನ್ನು ಮುಂದೆ ಯಂತ್ರಗಳೇ ದುಡಿದು ನಮ್ಮನ್ನು ಕೂಡಿಸಿ ಉಣಿಸುತ್ತವೆ ಎಂದೂ ವಾದಿಸಿದರು. ಎರಡೂ ಪಕ್ಷದವರು ತಮ್ಮ ವಾದವನ್ನು ಮೊಬೈಲಿನಲ್ಲಿ ನೋಡಿಕೊಂಡೇ ಓದಿ ಹೇಳಿದರು. ಮನುಷ್ಯರನ್ನು ಮನೆಯಿಂದ ಹೊರಹಾಕುವ ವಿಷಯದಲ್ಲಿ ಮೊದಲ ಪಕ್ಷದವರ ಮಾತು ಇಷ್ಟು ಅಕ್ಷರಶಃ ನಿಜವಾಗುತ್ತದೆಂದು ಆಗ ನನಗೆ ಹೊಳೆಯಲಿಲ್ಲ.

ತಾವು ದಯಮಾಡಿಸಿದ್ದು ಮೇ ತಿಂಗಳ ಒಂದು ಮಧ್ಯಾಹ್ನ. ನಾಗಪುರದ ಮೇ ತಿಂಗಳು ಎಂದರೆ ಏನೆಂದು ಹೊಸಬರಾದ ತಮಗೆ ಯಾರೂ ಹೇಳಿರಲಿಲ್ಲ. ಆ ಬಿಸಿಲಿಗೆ ಇಲ್ಲಿ ಹೆಣ್ಣು ಗಂಡು ಎನ್ನದೆ ಎಲ್ಲರೂ ತಲೆಯಿಂದ ಕುತ್ತಿಗೆಯವರೆಗೆ ಬಿಳಿ ದುಪಟ್ಟಾ ಬಿಗಿದು, ಕಣ್ಣಷ್ಟೇ ಬಿಟ್ಟುಕೊಂಡು ಹೊರಗೆ ಬರುತ್ತಾರೆ. ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಂಡರೆ ಝಳ ತಗಲುವುದಿಲ್ಲ ಎಂದು ನಂಬುವವರೂ ಇದ್ದಾರೆ, ನಾನು ಅವರಲ್ಲಿ ಒಬ್ಬ. ತಮ್ಮನ್ನು ಕೂರಿಸಲು ಬಂದ ಪವನ್ ಎಂಬ ಹುಡುಗನೂ ಹಾಗೇ ಸುತ್ತಿಕೊಂಡಿದ್ದ. ಅವನು ನಮ್ಮನ್ನೆಲ್ಲ ಹೊರಗೆ ಕರೆದು ಪಶ್ಚಿಮದ ಬಿಸಿಲಿಗೆ ಸಾಲಾಗಿ ನಿಲ್ಲಿಸಿದ. ಬಿಸಿಲಿಗೆ ಬರುವುದೆಂದ ಮೇಲೆ ನಾವು ರೂಢಿಯಂತೆ ದುಪಟ್ಟಾ ಸುತ್ತಿಕೊಂಡೇ ಬಂದೆವು, ನಮ್ಮವ್ವನೂ ಸೇರಿ. ತಾವು ಒಬ್ಬೊಬ್ಬರನ್ನೂ ದಿಟ್ಟಿಸಿ, ಇದು ಇವರ ದಿನನಿತ್ಯದ ಮುಖವೇ ಎಂದು ಪರದೆಯ ಮೇಲೆ ಕೇಳಿದಿರಿ. ಪವನ್ ನನ್ನತ್ತ ತಿರುಗಿ, “ಕಾಕಾ, ಹಾಚ್ ರೋಜಚಾ ಚೆಹರಾ ನಾ?” ಎಂದ. ಬೆವರು ಕಣ್ಣಿಗಿಳಿಯುತ್ತಿತ್ತು. ಹೌದು, ಇದೇ ದಿನದ ಮುಖ, ಜಲ್ದಿ ಮುಗಿಸು ಎಂದೆ. ಅವನು ಗುಂಡಿ ಒತ್ತಿದ.

ಹೀಗೆ ನನ್ನಲ್ಲಿ ತಾವು ಅಗತ್ಯವೆಂದು ಇಟ್ಟುಕೊಂಡದ್ದು ಒಂದು ಬಿಳಿ ದುಪಟ್ಟಾ ಮತ್ತು ಒಂದು ಕಪ್ಪು ಕಟ್ಟಿನ ಕನ್ನಡಕ. ಮೂಗು, ಮೀಸೆ, ಗಲ್ಲ ಮುಂತಾದ ಉಳಿದ ವಿವರಗಳನ್ನು ಸಂಪಾದಕರ ನಿಷ್ಠುರತೆಯಿಂದ ಕೈಬಿಟ್ಟಿರಿ.

ಬೇಸಗೆ ಮುಗಿಯುವವರೆಗೆ ತಮ್ಮ ಸೇವೆಯಲ್ಲಿ ದೋಷ ಹುಡುಕಿದವರು ಯಾರೂ ಇಲ್ಲ. ನಾವು ಬಂದರೆ ತೆರೆಯುತ್ತಿದ್ದಿರಿ, “ಸ್ವಾಗತ್ ಹೈ” ಎನ್ನುತ್ತಿದ್ದಿರಿ. ಗ್ಯಾಸ್ ಸಿಲಿಂಡರಿನವನು ದುಪಟ್ಟಾ ಸುತ್ತಿ ಬಂದರೂ ತೆರೆದು, ಅವನನ್ನು ಹೇಮಲತಾ ಎಂದು ಗೌರವದಿಂದ ಕರೆದಿರಿ. ಕೊರಿಯರಿನವನು ತಮ್ಮ ಪಾಲಿಗೆ ನಮ್ಮ ಮಗಳು ಶೀತಲ್ ಆದ. ಸುನೀಲ್ ಭಾವು ಒಂದು ದಿನ ದುಪಟ್ಟಾದಲ್ಲಿ ಬಂದು, ಯಾರನ್ನೂ ಕೇಳದೆ ಒಳಗೆ ಕುಳಿತು ಪೇಪರ್ ಓದಿ ಹೋದರು. ಯಾರ ಪ್ರಶ್ನೆಗಳನ್ನು ತಪ್ಪಿಸಿಕೊಳ್ಳಲು ತಮ್ಮನ್ನು ತಂದೆನೋ ಅವರು ಈಗ ಆ ಪ್ರಶ್ನೆಗಳನ್ನು ನನ್ನ ಸೋಫಾದ ಮೇಲೆ ಕುಳಿತು ಕೇಳುತ್ತಾರೆ. ತಮ್ಮ ಈ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು.

ಮಳೆ ಬಂತು, ನಾವು ದುಪಟ್ಟಾ ತೆಗೆದೆವು, ತಾವು ನಮ್ಮನ್ನು ಕೈಬಿಟ್ಟಿರಿ. ಬಾಗಿಲು ಬಡಿದರೆ ಒಳಗಿರುವ ನಮ್ಮವ್ವನಿಗೆ ಕೇಳಿಸದು, ಹಾಗಾಗಿ ಆಗಿನಿಂದ ಗೇಟಿನ ಮೊಳೆಗೆ ಪ್ಲಾಸ್ಟಿಕ್ ಚೀಲದಲ್ಲಿ ಮನೆಮಂದಿಗೆಲ್ಲ ಸೇರಿ ಒಂದು ದುಪಟ್ಟಾ ತೂಗುಹಾಕಿದ್ದೇವೆ. ಜಿಟಿಜಿಟಿ ಮಳೆಯಲ್ಲಿ ಮನೆಯ ಯಜಮಾನ ಗೇಟಿನ ಬಳಿ ನಿಂತು, ಅತ್ತಿತ್ತ ನೋಡಿ, ಮುಖ ಮುಚ್ಚಿಕೊಂಡು ತನ್ನ ಮನೆಯೊಳಗೆ ನುಗ್ಗುವುದನ್ನು ನಮ್ಮ ಬೀದಿ ಈಗ ಸಹಜವೆಂದು ಒಪ್ಪಿಕೊಂಡಿದೆ. ಕಳ್ಳರಿಗೆ ತೂತಿಲ್ಲವೆಂದು ಹಿಗ್ಗಿ ತಮ್ಮನ್ನು ತಂದವರನ್ನು ಕಳ್ಳರ ಕಷ್ಟ ಏನೆಂದು ಅರಿಯುವಂತೆ ಮಾಡಿದ ಶಿಕ್ಷಣ ತಮ್ಮದು.

ತಮ್ಮ ಕಂಪನಿಗೆ ಫೋನು ಮಾಡಿದೆ. ಸಪ್ನಾ ಎಂಬ ಹೆಸರಿನ, ಆದರೆ ಉಸಿರಾಡದ ಹೆಣ್ಣುದನಿಯೊಂದು ನನ್ನ ಭಾವನೆಗಳನ್ನು ಅರ್ಥ ಮಾಡಿಕೊಂಡಿತು. ಮುಖಗಳನ್ನು ಹೊಸದಾಗಿ ದಾಖಲಿಸಲು ಮುಖ್ಯ ಯಜಮಾನರೂ ತಂತ್ರಜ್ಞನೂ ಬೀಗದ ಮುಂದೆ ಒಟ್ಟಿಗೆ ಹಾಜರಿರಬೇಕೆಂದೂ, ನಮ್ಮ ಭಾಗದ ತಂತ್ರಜ್ಞ ದೀಪಾವಳಿಯೊಳಗೆ ಯಾವಾಗ ಬೇಕಾದರೂ ಬರಬಹುದೆಂದೂ ತಿಳಿಸಿತು. ಅಷ್ಟರೊಳಗೆ ತಾವು ಮನುಷ್ಯರನ್ನು ನಡಿಗೆಯಿಂದಲೇ ಗುರುತಿಸುವಷ್ಟು ಮುಂದುವರಿಯುತ್ತೀರಂತೆ. ನಮ್ಮವ್ವನ ಮೊಣಕಾಲು ಇವತ್ತು ನಡೆದಂತೆ ನಾಳೆ ನಡೆಯುವುದಿಲ್ಲ ಎಂಬುದನ್ನು ಆ ಮಹಾಯೋಜನೆಯ ಗಮನಕ್ಕೆ ತರುವಂತೆ ಕೋರಿದೆ. ನನ್ನ ಭಾವನೆಗಳನ್ನು ಮತ್ತೊಮ್ಮೆ ಅರ್ಥ ಮಾಡಿಕೊಂಡಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕಿತ್ತಳೆ ಗಿಡಗಳ ರೋಗಗಳನ್ನು ಅಭ್ಯಾಸ ಮಾಡುವ ನಮ್ಮ ಶೀತಲ್, ಇಲ್ಲಿನ ಒಂದು ಕಂಪ್ಯೂಟರ್ ಕಂಪನಿಗೆ ಬಂದಿರುವ ಮೈಸೂರಿನ ಹೃಷಿಕೇಶ ಎಂಬ ಹುಡುಗನನ್ನು ಮದುವೆಯಾಗಬೇಕೆಂದು ಯುಗಾದಿಯ ದಿನ ನನಗೆ ಹೇಳಿದ್ದಳು. ನೋಡೋಣ ಎಂದಿದ್ದೆ. ಆಮೇಲೂ ಆಗಾಗ ಕೇಳಿದಳು, ಆಗಾಗ ನೋಡೋಣ ಎಂದೆ. ಹುಡುಗನ ಬಗ್ಗೆ ನನ್ನ ತಕರಾರು ಏನೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅವರ ಮನೆಯ ಸಾರು ಬೇರೆ, ನಮ್ಮ ಮನೆಯ ಎಣ್ಣಿಗಾಯಿ ಬೇರೆ ಎಂಬಂಥ ಏನೋ ಒಂದು. ಆದರೆ ನಾನು ಹೂಂ ಎನ್ನದೆ ಮಾಡಿಕೊಳ್ಳುವುದಿಲ್ಲವೆಂದು ಶೀತಲ್ ಹಟ ಹಿಡಿದಿದ್ದಳು, ಈಚೆಗೆ ಊಟದ ಹೊತ್ತಿಗೆ ಮಾತು ಕಡಿಮೆ ಮಾಡಿದ್ದಳು. ಕೊನೆಗೆ ಹೋದ ಭಾನುವಾರ ಹುಡುಗನ ತಂದೆ ಬಾಲಸುಬ್ರಹ್ಮಣ್ಯ ಅವರೂ ತಾಯಿ ಸುಲೋಚನಾ ಅವರೂ ಮೈಸೂರಿನಿಂದ ಬಂದರು. ಯಾರ ಅಡುಗೆಯೂ ಪರೀಕ್ಷೆಗೆ ಒಳಗಾಗದಿರಲಿ ಎಂದು ನಾನು ಸದರ್ ಬಡಾವಣೆಯ ಒಂದು ಹೋಟೆಲಿನಲ್ಲಿ ಊಟ ಇಟ್ಟುಕೊಂಡೆ. ನಮ್ಮವ್ವನೂ ಸೇರಿ ಮನೆಮಂದಿಯೆಲ್ಲ ಹೋದೆವು.

ಬಾಲಸುಬ್ರಹ್ಮಣ್ಯ ಅವರು ಭವಿಷ್ಯವನ್ನು ಬಹಳ ಇಷ್ಟಪಡುವವರು. ಊಟದುದ್ದಕ್ಕೂ, “ಇನ್ನೊಂದು ಹತ್ತು ವರ್ಷ ತಾಳಿ ಸಾರ್, ಮನೆಯೇ ನಮ್ಮನ್ನ ನೋಡ್ಕೊಳತ್ತೆ. ಬಾಗಿಲಿಗೆ ಬಂದ ಕೂಡಲೇ ಕಾಫಿ ರೆಡಿ” ಎನ್ನುತ್ತಿದ್ದರು. ಸುಲೋಚನಾ ಅವರು, “ಇವ್ರಿಗೆ ಮಿಕ್ಸಿ ಮುಚ್ಚಳ ಹಾಕಕ್ಕೆ ಬರಲ್ಲ” ಎಂದು ಅಷ್ಟೇ ಮೃದುವಾಗಿ ಸೇರಿಸುತ್ತಿದ್ದರು. ನನ್ನ ಮನೆಯಲ್ಲಿ ಅಂಥ ಬಾಗಿಲು ಈಗಾಗಲೇ ಇದೆ ಎಂದು, ಹೇಳಬಾರದಿತ್ತು, ಹೇಳಿಬಿಟ್ಟೆ. ಬೀಗರಾಗಬಹುದಾದವರು ಅದನ್ನು ಈಗಲೇ ನೋಡಬೇಕೆಂದರು.

ಕಾರಿನಲ್ಲಿ ಬಂದಿಳಿದು ನೋಡಿದರೆ ಗೇಟಿನ ಚೀಲದಲ್ಲಿ ದುಪಟ್ಟಾ ಇಲ್ಲ. ನೆಂಟರು ಬಂದಾರೆಂದು ಹೇಮಲತಾ ಅದನ್ನು ಒಗೆದು, ಇಸ್ತ್ರಿ ಮಾಡಿ, ಒಳಗೆ ಮಡಚಿ ಇಟ್ಟಿದ್ದಳು. ಮಳೆ ಶುರುವಾಯಿತು. ನಾನು ತಮ್ಮ ಮುಂದೆ ಬರಿಮುಖದಲ್ಲಿ ನಿಂತೆ, ಅಪರಿಚಿತ ವ್ಯಕ್ತಿ ಎಂದಿರಿ. ಹೇಮಲತಾ ರೇಷ್ಮೆ ಸೆರಗು ಸುತ್ತಿಕೊಂಡು ನಿಂತಳು, ಅಪರಿಚಿತ ವ್ಯಕ್ತಿ ಎಂದಿರಿ. ಬಾಲಸುಬ್ರಹ್ಮಣ್ಯ ಅವರು ವಿಜ್ಞಾನದ ಮೇಲಿನ ಪ್ರೀತಿಯಿಂದ ತಮ್ಮ ಜರಿ ಶಲ್ಯವನ್ನು ನನ್ನ ತಲೆಗೆ ಸುತ್ತಿ, “ಸ್ವಲ್ಪ ಎಡಕ್ಕೆ ತಿರುಗಿ ಸಾರ್” ಎಂದು ನಿರ್ದೇಶಿಸಿದರು. ಅಪರಿಚಿತ ವ್ಯಕ್ತಿಗಳು ಗುಂಪುಗೂಡಿದ್ದಾರೆ ಎಂದು ಕೂಗಿದಿರಿ. ಸುನೀಲ್ ಭಾವು ತಮ್ಮ ಗ್ಯಾಲರಿಗೆ ಬಂದು ಕುರ್ಚಿ ಹಾಕಿಕೊಂಡು ಕುಳಿತರು. ಶೀತಲ್ ಮಾತ್ರ ನನ್ನ ಮುಖ ನೋಡದೆ ಮಳೆ ನೋಡುತ್ತಿದ್ದಳು. ಈ ಮದುವೆಯ ಮಾತು ಮೆಟ್ಟಿಲ ಮೇಲೇ ತೊಯ್ದು ಮುಗಿಯುತ್ತದೆಂದು ಅವಳಿಗೆ ಅನ್ನಿಸಿತ್ತು ಎಂದು ಕಾಣುತ್ತದೆ.

ಆಗ ಹೃಷಿಕೇಶ ಹಿಂದಿನಿಂದ ಸ್ಕೂಟರಿನಲ್ಲಿ ಬಂದ. ನಾಗಪುರದಲ್ಲಿ ದುಪಟ್ಟಾ ಬಿಟ್ಟು ಹೊರಬೀಳಬಾರದೆಂದು ಬೇಸಗೆಯಲ್ಲಿ ಶೀತಲ್ ಅವನಿಗೆ ಕಲಿಸಿದ್ದಳಂತೆ. ಅದು ಬೇಸಗೆಗೆ ಮಾತ್ರ ಎಂದು ಹೇಳಲು ಮರೆತಿದ್ದಳು. ಬಿಳಿ ದುಪಟ್ಟಾ, ಕಪ್ಪು ಕಟ್ಟಿನ ಕನ್ನಡಕ. ಅವನು ಮೆಟ್ಟಿಲಿಗೆ ಕಾಲಿಡುವಷ್ಟರಲ್ಲಿ ತಾವು ನೀಲಿಯಿಂದ ಹಸಿರಾಗಿ, ಬಾಗಿಲು ತೆರೆದು, ಬೀದಿಗೆಲ್ಲ ಕೇಳುವಂತೆ, “ಸ್ವಾಗತ್ ಹೈ, ರಾಮಲಿಂಗಪ್ಪಜೀ. ಗುರುವಾರ್ ಕೀ ತರಹ್ ಆಜ್ ಭೀ ದೋಪಹರ್ ಮೇಂ ಆಯೇ” ಎಂದಿರಿ.

ಗುರುವಾರ ಮಧ್ಯಾಹ್ನ ನಾನು ಖಾಪರಖೇಡಾದಲ್ಲಿ ಡ್ಯೂಟಿಯಲ್ಲಿದ್ದೆ. ಎಲ್ಲರೂ ಅವನತ್ತ ನೋಡಿದರು, ಅವನು ಶೀತಲ್‌ಳತ್ತ ನೋಡಿದ, ಅವಳು ತನಗೂ ಗೊತ್ತಿಲ್ಲವೆಂಬಂತೆ ತಲೆಯಾಡಿಸಿದಳು. ಮಾತನಾಡಿದವಳು ನಮ್ಮವ್ವ. “ಗುರುವಾರ ಅಷ್ಟ ಅಲ್ಲೋ, ಅದರ ಹಿಂದಿನ ವಾರನೂ ಬಂದಿದ್ದ. ನನ್ನ ಕಿವಿ ಮಷಿನ್ನಿಗೆ ಸೆಲ್ ಹಾಕಿ ಕೊಟ್ಟ. ಮದಲ ನೀನ ಅಂತ ತಿಳಕೊಂಡಿದ್ದೆ. ಆಮ್ಯಾಲೆ ತಾನ ಚಾ ಮಾಡಿ, ನನ್ನ ಮುಂದ ಕುಂತು ನನ್ನ ಮಾತ ಕೇಳಿದ. ಆಗ ಗೊತ್ತಾತು, ಇಂವಾ ನೀ ಅಲ್ಲ ಅಂತ.”

ಹುಡುಗ ಬಾಗಿಲು ಹಿಡಿದು ನಿಂತು, “ಬನ್ನಿ ಅಂಕಲ್, ನೆನೀತಿದೀರಾ” ಎಂದ. ಮಾನ್ಯರೇ, ಒಬ್ಬ ಮನುಷ್ಯ ತನ್ನ ಮನೆಗೆ ಯಾರನ್ನು ಬರಮಾಡಿಕೊಳ್ಳಬೇಕೆಂದು ಆರಾಮಕುರ್ಚಿಯಲ್ಲಿ ಕುಳಿತು ಎಷ್ಟು ತಿಂಗಳಾದರೂ ಯೋಚಿಸಬಹುದು. ಆದರೆ ಜರಿ ಶಲ್ಯ ಸುತ್ತಿಕೊಂಡು, ತೊಯ್ದು, ಅವನೇ ಒಳಗೆ ಕರೆದ ಮೇಲೆ, ಆ ಯೋಚನೆಯನ್ನು ಮುಂದುವರಿಸುವುದು ಬಹಳ ಕಷ್ಟ. ಶೀತಲ್ ನನ್ನನ್ನೇ ನೋಡುತ್ತಿದ್ದಳು. ಹೂಂ ಎಂದೆ. ಬಾಗಿಲ ವಿಷಯಕ್ಕೋ ಮದುವೆಯ ವಿಷಯಕ್ಕೋ ಎಂದು ಅವಳು ಕೇಳಲಿಲ್ಲ, ನನ್ನ ಕೈ ಹಿಡಿದುಕೊಂಡು ಒಳಗೆ ಬಂದಳು. ಅಂದು ಚಹಾವನ್ನೂ ಆ ಹುಡುಗನೇ ಮಾಡಿದ. ಚೆನ್ನಾಗಿತ್ತು.

ಹೀಗಾಗಿ ತಮ್ಮಲ್ಲಿ ನನ್ನ ಬೇಡಿಕೆಗಳು ಅಲ್ಪ. ಅವನನ್ನು ಅಳಿಯನೆಂದು ನಾನು ಒಪ್ಪಿದ್ದೇನೆ, ನಾನೆಂದು ಒಪ್ಪಲಾರೆ. ಆದ್ದರಿಂದ ಮದುವೆಯೊಳಗೆ ಅವನಿಗೊಂದು ಸ್ವಂತ ಹೆಸರು ಕೊಡಬೇಕು. ಗ್ಯಾಸಿನವನು ತಾನು ಹೇಮಲತಾ ಅಲ್ಲವೆಂದು ಲಿಖಿತದಲ್ಲಿ ಕೊಟ್ಟರೆ ಸ್ವೀಕರಿಸಬೇಕು. ಸಾಧ್ಯವಾದರೆ ನಾಗಪುರದ ಹವಾಮಾನವನ್ನು ವರ್ಷವಿಡೀ ಮೇ ತಿಂಗಳಲ್ಲೇ ನಿಲ್ಲಿಸಬೇಕು, ಸಾಧ್ಯವಾಗದಿದ್ದರೆ ನನಗೊಂದು ಮೂಗು ಇದೆ ಎಂಬುದನ್ನು ಪರಿಶೀಲಿಸಬೇಕು. ಮನೆಯವರೆಲ್ಲ ಸೀರೆ ನೋಡಲು ಹೋಗಿದ್ದಾರೆ, ದುಪಟ್ಟಾ ಅವರ ಕೊರಳಲ್ಲಿ ಹೋಗಿದೆ. ಉತ್ತರಕ್ಕಾಗಿ ಮೆಟ್ಟಿಲ ಮೇಲೇ ಕಾದಿದ್ದೇನೆ.

ತಮಗೆ ನನ್ನಲ್ಲಿ ನಂಬಿಕೆ ಇಲ್ಲದಿದ್ದರೂ ತಮ್ಮಲ್ಲಿ ನಂಬಿಕೆ ಇರುವ,
ತಮ್ಮ ವಿಶ್ವಾಸಿ,
ರಾಮಲಿಂಗಪ್ಪ (ಮೂಲ)

ಮರೆತ ಮಾತು: ಇಷ್ಟು ಬರೆಯುವಷ್ಟರಲ್ಲಿ, ದೀಪಾವಳಿಗೆ ಮುಂಚೆಯೇ, ಪವನ್ ಬಂದ. ಮುಖ್ಯ ಯಜಮಾನರು ಹಾಜರಾಗಲಿ ಎಂದು ತಾವು ಆಜ್ಞಾಪಿಸಿದ್ದರಿಂದ ಹೃಷಿಕೇಶನಿಗೆ ಫೋನು ಮಾಡಿ, ದುಪಟ್ಟಾ ಸುತ್ತಿಕೊಂಡು ಬರಹೇಳಬೇಕಾಯಿತು. ಅವನು ನನ್ನ ಹೆಸರಿನಲ್ಲಿ ಒಪ್ಪಿಗೆ ಕೊಟ್ಟು, ನನ್ನನ್ನು ತಮ್ಮ ಮುಂದೆ ಬರಿಮುಖದಲ್ಲಿ ನಿಲ್ಲಿಸಿದ. ಆ ಹೆಸರು ಈಗಾಗಲೇ ಕೊಟ್ಟಾಗಿದೆ ಎಂದು ತಾವು ನನ್ನನ್ನು ‘ಅತಿಥಿ’ ಎಂದು ಬರೆದುಕೊಂಡಿರಿ. ಕೃತಜ್ಞ. ತಾವು ಬಂದ ದಿನ ಬಾಗಿಲಿಂದ ಕಳಚಿದ ಹಳೆಯ ಚಿಲಕವನ್ನು ನಮ್ಮವ್ವ ಬಿಸಾಡಿಲ್ಲವೆಂದೂ, ಪ್ರತಿ ಸೋಮವಾರ ಅದಕ್ಕೆ ಎಣ್ಣೆ ಹಾಕುತ್ತಾಳೆಂದೂ ಅತಿಥಿಯಾಗಿ ತಮ್ಮ ಕಿವಿಗೆ ಹಾಕುತ್ತಿದ್ದೇನೆ. ಅದು ಯಾರ ಮುಖವನ್ನೂ ನೋಡುವುದಿಲ್ಲ.