ತೊಟ್ಟಿಯ ಹುಲ್ಲು ಬುಡಸಮೇತ ತೇಲುತ್ತಿರುವ ಬಗ್ಗೆ

ಇಂದ:
ಅರ್ಜಿದಾರ,
ಬಿಸ್ಕತ್ ಕಾರ್ಖಾನೆಯ ನಿವೃತ್ತ ಗುಣಮಟ್ಟ ತಪಾಸಕ,
ಊಟದ ಮೇಜಿನ ಪಕ್ಕದ ಕುರ್ಚಿ.

ಗೆ:
ಶ್ರೀ ಮೀಸೆ ಮೀನಿನವರು,
ತಳವಿಭಾಗದ ಮುಖ್ಯಸ್ಥರು,
ಗಾಜಿನ ತೊಟ್ಟಿ, ಸದರಿ ಕುರ್ಚಿಯ ಎದುರು.

ವಿಷಯ: ತೊಟ್ಟಿಯ ಮುಂಭಾಗದಲ್ಲಿ ನೆಟ್ಟಿರುವ ಗಿಡ್ಡ ಹುಲ್ಲನ್ನು ತಾವು ಅಗೆದು ಕೀಳುವುದನ್ನು ನಿಲ್ಲಿಸುವ ಕುರಿತು.

ಉಲ್ಲೇಖ: ಅರ್ಜಿದಾರನ ಪತ್ನಿಯವರ ಇಂದು ಬೆಳಗಿನ ಮೌಖಿಕ ಆದೇಶ: "ಭಾನುವಾರದೊಳಗೆ ಆ ಹುಲ್ಲು ನೆಟ್ಟಗೆ ನಿಲ್ಲಲಿಲ್ಲ ಅಂದ್ರೆ ತೊಟ್ಟಿ, ಮೀನು ಎರಡೂ ಮೂಲೆ ಕ್ಷೌರದಂಗಡಿಗೆ. ಕೇಳಿಸ್ತಾ?"

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

೧. ನಿವೃತ್ತಿಯ ನಂತರ ಅರ್ಜಿದಾರನು ಅಡುಗೆಮನೆಯಲ್ಲಿ ಪಾತ್ರೆಗಳ ಮುಚ್ಚಳ ತೆಗೆತೆಗೆದು ತಪಾಸಣೆ ನಡೆಸುತ್ತಿದ್ದ ಕಾರಣ, ಆತನ ಕೈಗೆ ಬೇರೆ ಕೆಲಸ ಕೊಡುವ ಸಲುವಾಗಿ ಪತ್ನಿಯವರೇ ಈ ತೊಟ್ಟಿಯನ್ನು ಮಂಜೂರು ಮಾಡಿದರು. ಅಂದಿನಿಂದ ಅನ್ನವು ನಿರಾತಂಕವಾಗಿ ಬೇಯುತ್ತಿದೆ.

೨. ಹುಲ್ಲು ಮಾರಿದ ಅಂಗಡಿಯವರು, "ಸಣ್ಣ ಸಣ್ಣ ಗೊಂಚಲು ಮಾಡಿ, ಚಿಮಟದಲ್ಲಿ ಹಿಡಿದು ಮರಳಿಗೆ ಓರೆಯಾಗಿ ಊರಿ. ಆಮೇಲೆ ಅದರ ಪಾಡಿಗೆ ಬಿಟ್ಬಿಡಿ ಸಾರ್" ಎಂದು ಸೂಚಿಸಿದ್ದರು. ಅದರಂತೆ ಊರಲಾಗಿದೆ. ಅದರ ಪಾಡಿಗೆ ಬಿಡುವುದು ಮಾತ್ರ ಕಾರ್ಖಾನೆಯ ಪದ್ಧತಿಗೆ ವಿರುದ್ಧ. ಆದ್ದರಿಂದ ಅರ್ಜಿದಾರನು ಪ್ರತಿ ಬೆಳಿಗ್ಗೆ ಹತ್ತಕ್ಕೊಂದು ಗೊಂಚಲನ್ನು ಮಾದರಿಯಾಗಿ ಮೇಲೆತ್ತಿ, ಬೇರು ಬಂದಿದೆಯೇ ಎಂದು ಭೂತಕನ್ನಡಿಯಲ್ಲಿ ಪರಿಶೀಲಿಸಿ, ಮತ್ತೆ ಊರುತ್ತಿದ್ದಾನೆ. ಇದರಲ್ಲಿ ಯಾವುದೇ ಲೋಪ ಕಂಡುಬಂದಿಲ್ಲ.

೩. ಹೀಗಿದ್ದಾಗ್ಯೂ ಮಧ್ಯಾಹ್ನದೊಳಗೆ ಹುಲ್ಲು ನೀರಿನ ಮೇಲೆ ತೇಲುತ್ತದೆ. ಆ ಹೊತ್ತಿನಲ್ಲಿ ಸ್ಥಳದಲ್ಲಿ ಮೀಸೆ ಆಡಿಸುತ್ತ ಏನೂ ಅರಿಯದವರಂತೆ ಇರುವವರು ತಾವೊಬ್ಬರೇ. ಹುಲ್ಲು ತೇಲಿದಾಗಲೆಲ್ಲ ಅರ್ಜಿದಾರನು "ಬಾರೇ ಇಲ್ಲಿ, ನೋಡೇ ಇವನ ಕೆಲಸ" ಎಂದು ಕೂಗುವುದರಿಂದ, ಹೊಲಿಗೆ ಬಿಟ್ಟು ಎದ್ದುಬರುವ ಪತ್ನಿಯವರು ಗಿರಾಕಿಯೊಬ್ಬರ ಅಂಗಿಗೆ ಎರಡೂ ಎಡತೋಳು ಕೂರಿಸಿದ್ದಾರೆ. ಮೇಲ್ಕಂಡ ಆದೇಶಕ್ಕೆ ಇದೇ ಕಾರಣ.

೪. ತಾವು ಕ್ಷೌರದಂಗಡಿಗೆ ಹೋದರೆ ಅರ್ಜಿದಾರನಿಗೆ ಬಹಳ ಸಂಕಟವಾಗುತ್ತದೆ. ಕಾರ್ಖಾನೆಯ ಕಥೆಗಳನ್ನು ನಡುವೆ ಎದ್ದುಹೋಗದೆ ಕೇಳುವವರು ಈಗ ತಾವು ಮಾತ್ರ. ಕಾರಣ, ತಾವು ಇನ್ನು ಮುಂದೆ

(ಇಲ್ಲಿಯವರೆಗೆ ಬರೆದಾಗ, ದಾರದ ಉಂಡೆ ಹುಡುಕಿಕೊಂಡು ಬಂದ ಪತ್ನಿಯವರು ಅರ್ಜಿದಾರನ ಹೆಗಲ ಮೇಲಿಂದ ಇದನ್ನು ಓದಿದರು. ನಡೆದ ಮಾತುಕತೆ ದಾಖಲೆಗಾಗಿ ಈ ಕೆಳಗಿನಂತಿದೆ.

"ಅಲ್ರೀ, ದಿನಾ ಕಿತ್ತು ನೋಡ್ತಿದ್ರೆ ಅದು ಬೇರು ಬಿಡೋದಾದ್ರೂ ಯಾವಾಗ?"

"ಹತ್ತರಲ್ಲಿ ಒಂದೇ ಕಣೇ."

"ಇವತ್ತು ಇದು, ನಾಳೆ ಅದು. ಎಲ್ಲದರ ಸರದಿನೂ ಬಂತಲ್ಲ! ಪಾಪದ ಮೀನಿನ ಮೇಲೆ ಯಾಕೆ ಗೂಬೆ ಕೂರಿಸ್ತೀರಾ?"

"ನೋಡದೇ ಇದ್ರೆ ಹಿಡ್ಕೊಂಡಿದೆಯೋ ಇಲ್ವೋ ಗೊತ್ತಾಗೋದು ಹೇಗೆ?"

"ಕೈ ಕಟ್ಕೊಂಡು ಕೂತ್ರೆ ಗೊತ್ತಾಗುತ್ತೆ."

"ಅದೇ ಬರಲ್ಲ ಕಣೇ ನಂಗೆ."

ಪತ್ನಿಯವರು ಭೂತಕನ್ನಡಿಯನ್ನು ಎತ್ತಿಕೊಂಡು, "ಸರಿ, ಒಂದು ತಿಂಗಳು ಕೊಟ್ಟೆ. ಆದ್ರೆ ಕೈ ನೀರಿಗೆ ಇಳೀಬಾರ್ದು" ಎಂದು ಆದೇಶವನ್ನು ತಿದ್ದುಪಡಿ ಮಾಡಿದರು.)

೫. ಈ ಹೊಸ ಸಾಕ್ಷ್ಯದ ಹಿನ್ನೆಲೆಯಲ್ಲಿ ತಮ್ಮ ಮೇಲಿನ ಆರೋಪಗಳನ್ನು ಹಿಂಪಡೆಯಲಾಗಿದೆ. ತಪ್ಪಿತಸ್ಥರು ಪತ್ತೆಯಾಗಿದ್ದು, ಇದೇ ಕುರ್ಚಿಯಲ್ಲಿ ಕುಳಿತಿದ್ದಾರೆ. ಕೈಯನ್ನು ನೀರಿಗೆ ಇಳಿಸುವುದಿಲ್ಲವೆಂದು ಅವರು ಕೊಟ್ಟ ಮಾತಿನ ಮೇಲೆ ಪತ್ನಿಯವರಿಗೂ ನಂಬಿಕೆಯಿಲ್ಲ, ಅರ್ಜಿದಾರನಿಗೂ ಇಲ್ಲ.

ಆದ್ದರಿಂದ ನಾಳೆ ಬೆಳಿಗ್ಗೆ ಅರ್ಜಿದಾರನ ಕೈ ನೀರಿಗೆ ಇಳಿದಲ್ಲಿ, ಯಾವ ಮುಲಾಜೂ ನೋಡದೆ ಕಚ್ಚಿ ಉಪಕರಿಸಬೇಕೆಂದು ಪ್ರಾರ್ಥನೆ.

ಗಾಜಿನ ಈಚೆಗಿರುವ ತಮ್ಮ ವಿಶ್ವಾಸಿ,
ಅರ್ಜಿದಾರ

ಅಡಕ:
೧. ತೇಲಿದ ಹುಲ್ಲು, ಒಂದು ಗೊಂಚಲು (ಒದ್ದೆ).
೨. ಎರಡು ಎಡತೋಳಿನ ಅಂಗಿ (ನೋಡಿ ಹಿಂದಿರುಗಿಸುವುದು, ಬಿಚ್ಚಿ ಹೊಲಿಯಬೇಕಿದೆ).

ವಿ.ಸೂ.: ತಮಗೆ ಹಲ್ಲಿಲ್ಲದಿರುವುದು ಅರ್ಜಿದಾರನ ಗಮನಕ್ಕೆ ಬಂದಿದೆ. ಆದರೂ ಪ್ರಯತ್ನಿಸಬೇಕಾಗಿ ವಿನಂತಿ.