ನಮ್ಮ ಕಡೆಯ ಹಲ್ಲಿ

ತಂಗಿ ಶಾರದೆಯನ್ನು ನೋಡಲು ಮಂಕಿ ಊರಿನಿಂದ ಬರಲಿದ್ದ, ಹುಡುಗನ ಅಪ್ಪ, ಹಲ್ಲಿ ನುಡಿಯದೆ ಮೀನನ್ನೂ ಕೊಳ್ಳದವರು ಎಂದು ಗೊತ್ತಾದಾಗ ನನಗೆ ಬಹಳ ಸಂತೋಷವಾಯಿತು. ಏಕೆಂದರೆ ಹೊಳನಗದ್ದೆಯ ನಮ್ಮ ಮನೆಯಲ್ಲಿ ಹಲ್ಲಿಗಿಂತ ಚೆನ್ನಾಗಿ ನುಡಿಯುವ ಪ್ರಾಣಿಯೊಂದಿತ್ತು. ಮರಗಪ್ಪೆ!

ಹೆಬ್ಬೆರಳಿನಷ್ಟು ಗಾತ್ರ. ಹಗಲಿಡೀ ಕ್ಯಾಲೆಂಡರಿನ ಹಿಂದೆ ಕೈಕಾಲು ಮಡಚಿ, ಗೋಡೆಯದೇ ಬಣ್ಣ ತಾಳಿ ನಿದ್ದೆ. ಆಗ ನಮ್ಮೂರಿಗೆ ಕರೆಂಟು ಬಂದ ಹೊಸತು. ಬಲ್ಬು ಹತ್ತಿದ ಕೂಡಲೇ ಅದು ಎಚ್ಚೆತ್ತು, ಕುಳಿತಲ್ಲೇ "ಟಕ್ ಟಕ್" ಎಂದು ಗಂಟಲು ಸರಿಮಾಡಿಕೊಂಡು, ಆಮೇಲೆ ಹುಳ ಹಿಡಿಯಲು ಹೊರಡುತ್ತಿತ್ತು.

"ಅದನ್ನ ಹೊರಗೆ ಬಿಟ್ಟು ಬನ್ನಿ," ಎಂದಳು ಹೆಂಡತಿ ಗೌರಿ.

"ಎಂತಕ್ಕೆ? ಇವತ್ತು ಅದು ನಮ್ಮ ಕಡೆಯ ಹಲ್ಲಿ!"

ಹಾಗೆಂದೆನಾದರೂ ಧೈರ್ಯವಿರಲಿಲ್ಲ. ಈ ಮೊದಲು ಅವಳನ್ನು ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದ ಮೇಲೆ ಸುದ್ದಿಯನ್ನೇ ಕಳಿಸಿರಲಿಲ್ಲ. ಅಂದಿನಿಂದ ಶಾರದೆ ಕನ್ನಡಿಯ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಳು. ಇದೂ ತಪ್ಪಿದರೆ ಅವಳ ಮುಖ ನೋಡುವುದು ಹೇಗೆ?

ಸಂಜೆ ಮಳೆಯಲ್ಲೇ ಹುಡುಗನ ಅಪ್ಪ, ಆ ಹಿರಿಯರು, ಒಬ್ಬರೇ ಬಂದು, ಕ್ಯಾಲೆಂಡರಿನ ಕೆಳಗೇ ಚಾಪೆಯ ಮೇಲೆ ಕುಳಿತರು. ಬಲ್ಬು ಹಾಕಿದೆ.

"ಜಾತಕ ಚಲೋ ಕೂಡಿ ಬಂದದೆ," ಎಂದರು.

ಟಕ್ ಟಕ್!

"ಹಲ್ಲಿ ನುಡೀತು! ಕೃಷ್ಣ, ಕೃಷ್ಣ," ಎಂದು ಅವರು ಬೆರಳಿನಿಂದ ನೆಲ ಬಡಿದರು. ನಾನೂ ಪರಮ ಭಕ್ತಿಯಿಂದ ಬಡಿದೆ.

"ಹುಡುಗಿಗೆ ಸಿಟ್ಟು ಜಾಸ್ತಿಯಂತೆ, ಹೌದಾ?"

ಟಕ್ ಟಕ್ ಟಕ್!

ನಾನು ಥಟ್ಟನೆ ಬಾಯಿ ಹಾಕಿದೆ. "ಛೆ ಛೆ! ನಮ್ಮ ಶಾರದೆ ಆಕಳಿದ್ದ ಹಾಗೆ!"

ಕಪ್ಪೆ ಸುಮ್ಮನಾಯಿತು.

"ಇದಕ್ಕೆ ಎಂತಕ್ಕೆ ನುಡೀಲಿಲ್ಲ?" ಹಿರಿಯರು ಹುಬ್ಬೇರಿಸಿದರು.

ಸಾಕ್ಷಿಯನ್ನು ಮಾತನಾಡಿಸುವುದು ನನ್ನ ಆದ್ಯ ಕರ್ತವ್ಯವಾಯಿತು. ಕಿಟಕಿ ಮುಚ್ಚುವ ನೆವದಲ್ಲಿ ಎದ್ದು, ಕ್ಯಾಲೆಂಡರಿಗೆ ಮೊಣಕೈಯಿಂದ ತಿವಿದೆ. ಕಪ್ಪೆ ಹಾರಿತು. ಹಾರಿ, ಹಿರಿಯರ ಬೋಳು ನೆತ್ತಿಗೆ ಪಚಕ್ಕನೆ ಅಂಟಿತು!

"ಅಯ್ಯೋ, ಹಲ್ಲಿ ನೆತ್ತಿಗೆ ಬಿತ್ತು! ಮರಣ ಶಕುನ!" ಎಂದು ಹಿರಿಯರು ಚೀರಿದರು.

ಅವರ ಮುಖ ಬಿಳಿಚಿತು. ಇಲ್ಲೇ ಪ್ರಾಣ ಬಿಟ್ಟಾರೆಂದು ನಾನೂ ಹೆದರಿದೆ.

"ಹಲ್ಲಿ ಅಲ್ಲ, ಕಪ್ಪೆ! ಮೊದಲಿಂದ್ಲೂ ಕಪ್ಪೆಯೇ!" ಎಂದು ಕೂಗಿದೆ. ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡೆ.

ಕಾಫಿ ತಂದ ಶಾರದೆ ತಟ್ಟೆಯನ್ನು ಕುಕ್ಕಿ, ಕಪ್ಪೆಯನ್ನು ಮೆಲ್ಲಗೆ ಬಿಡಿಸಿ ಮತ್ತೆ ಕ್ಯಾಲೆಂಡರಿನ ಹಿಂದೆ ಬಿಟ್ಟಳು. "ನನ್ನ ಸಿಟ್ಟಿನ ವಿಷಯ ನನ್ನನ್ನೇ ಕೇಳಿ. ಹೌದು, ಸಿಟ್ಟು ಬತ್ತದೆ. ಈಗ ಅಣ್ಣನ ಮೇಲೆ ಬಂದದೆ!"

ಹಿರಿಯರು ನೆತ್ತಿ ಸವರಿಕೊಂಡರು. ಬದುಕಿ ಉಳಿದ ಖುಷಿಗೆ ಕಾಫಿಯನ್ನು ಒಂದೇ ಉಸಿರಿಗೆ ಕುಡಿದರು.

"ಆತು, ನಿಜ ಹೇಳೋ ಹುಡುಗಿ, ನಮಗೆ ಒಪ್ಪಿಗೆ. ಆದ್ರೆ ಮುಂದಿನ ಮಾತುಕತೆಗೆ ಈ ಅಣ್ಣ ಬೇಡ. ಬುದ್ಧಿ ಇದ್ದವರನ್ನ ಕಳಿಸಿ."

ಟಕ್ ಟಕ್!

ಕಪ್ಪೆಯೆಂದು ಗೊತ್ತಿದ್ದೂ, ಬಾಗಿಲ ಬಳಿ ಕುಳಿತಿದ್ದ ನನ್ನ ಹೆಂಡತಿ ಬೆರಳಿನಿಂದ ನೆಲ ಬಡಿದಳು. "ಕೃಷ್ಣ, ಕೃಷ್ಣ!"